ತಾಲೀಮು ಕೋಣೆಯನ್ನು ಮಕ್ಕಳ ಡಾಕ್ಟರಿಗೆ ಬಿಟ್ಟುಕೊಡುವ ಕುರಿತು

ಮಾನ್ಯ ಅಧ್ಯಕ್ಷರಾದ ಅಂಬಾರಾಯರೇ, ಒಲ್ಲೆ ಒಲ್ಲೆ ಎನ್ನುತ್ತಲೇ ಇಂದಿನ ಸನ್ಮಾನಕ್ಕೆ ಒಪ್ಪಿಕೊಂಡು ವೇದಿಕೆಯ ತುದಿಯ ಕುರ್ಚಿಯಲ್ಲಿ ಕುಳಿತಿರುವ ಡಾಕ್ಟರ್ ಅಶ್ಮಿತಾ ಅವರೇ, ರೈಲುಗಳನ್ನು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕನ್ನೂ ಲೆಕ್ಕಿಸದೆ ಕಲ್ಯಾಣದಿಂದ, ಠಾಣೆಯಿಂದ, ಭಿವಂಡಿಯಿಂದ ಬಂದಿರುವ ಸದಸ್ಯರೇ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರೇ, ಕೊನೆಯ ಸಾಲಿನಲ್ಲಿ ಕುಳಿತು ಊಟದ ವಾಸನೆ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಪರಿಶೀಲಿಸುತ್ತಿರುವ ನನ್ನ ನಾಟಕ ಬಳಗದ ಮಿತ್ರರೇ, ಸಭಿಕರೇ,

ವಸಂತಕುಮಾರ ಮಾತಾಡಲು ಎದ್ದರೆ ಮೈಕಿನವನು ಚಹಾ ಕುಡಿದು ಬರಬಹುದು ಎಂಬ ಮಾತು ನಮ್ಮ ಕನ್ನಡ ಸಂಘದಲ್ಲಿ ಹಳೆಯದು. ಅದನ್ನು ನಾನು ಎಂದೂ ನಿಂದೆ ಎಂದು ತಿಳಿದವನಲ್ಲ. ನನ್ನ ತಂದೆ ಉಡುಪಿಯ ಕಡೆ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ನಾನು ತೊಟ್ಟಿಲಿನಲ್ಲಿ ಮಲಗಿದ್ದಕ್ಕಿಂತ ಹೆಚ್ಚು ಬಣ್ಣದ ಪೆಟ್ಟಿಗೆಯ ಮೇಲೆ ಮಲಗಿದವನು. ಅಂದಿನ ನಟನಿಗೆ ಇದ್ದದ್ದು ಒಂದೇ ಧರ್ಮ: ಕೊನೆಯ ಬೆಂಚಿನಲ್ಲಿ ಕುಳಿತವನಿಗೂ ಮಾತು ಕೇಳಬೇಕು. ಆ ಧರ್ಮವನ್ನು ನಾನು ಡೊಂಬಿವಲಿಯಲ್ಲಿ ಹೋಟೆಲು ನಡೆಸುವಾಗಲೂ ಬಿಟ್ಟಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಾನು ಎರಡು ಇಡ್ಲಿ ಎಂದರೆ ಅಡುಗೆಮನೆಯ ಕಿಟ್ಟುವಿಗೂ ಕೇಳುತ್ತದೆ, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೂ ಹಸಿವಾಗುತ್ತದೆ.

ಇರಲಿ. ಕಾರ್ಯಕಾರಿ ಸಮಿತಿ ನನಗೆ ಒಪ್ಪಿಸಿರುವ ಕೆಲಸ ಸರಳ. ಮೊದಲು ಡಾಕ್ಟರ ಕುರಿತು ನಾಲ್ಕು ಮಾತು, ಆಮೇಲೆ ಒಂದು ಠರಾವು. ಹಿಂಬದಿಯಲ್ಲಿರುವ ನಮ್ಮ ನಾಟಕದ ತಾಲೀಮು ಕೋಣೆಯನ್ನು ಇನ್ನು ಮುಂದೆ ಪುಟ್ಟ ಮಕ್ಕಳ ದವಾಖಾನೆಗೆ ಬಿಟ್ಟುಕೊಡಬೇಕೇ, ಬೇಡವೇ? ಇದನ್ನು ನೀವು ಈ ಸಭೆಯಲ್ಲೇ ತೀರ್ಮಾನಿಸಬೇಕು. ಈಗ ಡಾಕ್ಟರು ಶನಿವಾರ ಬೆಳಿಗ್ಗೆ ಇದೇ ಸಭಾಂಗಣದ ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಕೂರುತ್ತಾರೆ. ಒಂದು ಕಡೆ ಭಜನೆಯ ಅಭ್ಯಾಸ, ಇನ್ನೊಂದು ಕಡೆ ಮದುವೆಯ ಅಡುಗೆಯವರ ಪಾತ್ರೆ, ಕಿಟಕಿಯಾಚೆ ಫಾಸ್ಟ್ ಲೋಕಲ್. ಮಗುವಿನ ಎದೆಗೆ ಸ್ಟೆತಸ್ಕೋಪು ಇಟ್ಟರೆ ರೈಲಿನ ಎದೆಬಡಿತ ಕೇಳುತ್ತದೆ. ನಿಶ್ಶಬ್ದವಾದ ಜಾಗ ಸಿಗದಿದ್ದರೆ ಈ ಕೆಲಸ ಮುಂದುವರಿಸಿ ಪ್ರಯೋಜನವಿಲ್ಲ ಎಂದು ಅವರು ಸಮಿತಿಗೆ ತಿಳಿಸಿದ್ದಾರೆ. ನವಿಮುಂಬಯಿಯ ದೊಡ್ಡ ಆಸ್ಪತ್ರೆಯೊಂದು ಅವರನ್ನು ಕರೆಯುತ್ತಿದೆ. ಇದನ್ನು ಅವರು ಯಾರಿಗೂ ಹೇಳಿಲ್ಲ. ಅವರ ತಾಯಿ ನನ್ನ ಹೆಂಡತಿ ರತ್ನಾವತಿಗೆ ಗುಟ್ಟಾಗಿ ಹೇಳಿದ್ದಾರೆ, ಆದ್ದರಿಂದ ನಿಮಗೆಲ್ಲ ಗೊತ್ತೇ ಇದೆ.

ನಮ್ಮ ಕಟ್ಟಡದಲ್ಲಿ ನಿಶ್ಶಬ್ದವಾದ ಕೋಣೆ ಒಂದೇ ಒಂದು. ಅದು ಹೇಗೆ ನಿಶ್ಶಬ್ದವಾಯಿತು ಎಂದು ಹಳಬರಿಗೆ ಗೊತ್ತು. ನಾನು ರಾಕ್ಷಸನ ಪಾತ್ರಕ್ಕೆ ಅಭ್ಯಾಸ ಮಾಡುತ್ತಿದ್ದ ಕಾಲ. ಪಕ್ಕದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಒಳಗೆ ಯಾರನ್ನೋ ಕೊಲ್ಲುತ್ತಿದ್ದಾರೆಂದು ಪೊಲೀಸ್ ಚೌಕಿಗೆ ಹೋದರು. ಹವಾಲ್ದಾರರು ಬಂದು ನೋಡಿದರು, ಕುಳಿತರು, ಪೂರ್ತಿ ಅಂಕ ನೋಡಿಯೇ ಎದ್ದರು. ಆಮೇಲೆ ನಾವು ಹೋಟೆಲಿನ ಖಾಲಿ ಅಕ್ಕಿ ಗೋಣಿಗಳನ್ನು ನಾಲ್ಕೂ ಗೋಡೆಗೆ ಮಡಿಸಿ ಹೊಡೆದೆವು, ಬಾಗಿಲಿಗೆ ಗಾದಿ ಹಚ್ಚಿದೆವು. ಆ ಕೋಣೆಯಲ್ಲಿ ನಾನು ಮುಖಕ್ಕೆ ಬಣ್ಣ ಹಚ್ಚಿದ್ದೇನೆ, ಕಿರೀಟ ಇಟ್ಟಿದ್ದೇನೆ, ಮಗ ಪೃಥ್ವಿರಾಜ್ ಹುಟ್ಟಿದ ಸುದ್ದಿಯನ್ನು ಅಲ್ಲೇ ಕೇಳಿದ್ದೇನೆ. ಅಲ್ಲೇ ಏಕೆ ಎಂದು ರತ್ನಾವತಿ ಇವತ್ತಿಗೂ ಕೇಳುತ್ತಾಳೆ. ನಾಟಕಕ್ಕೆ ನಾಲ್ಕೇ ದಿನ ಉಳಿದಿತ್ತು, ನಾನೇನು ಮಾಡಲಿ?

ಈಗ ಡಾಕ್ಟರ ವಿಷಯ.

ಸಭಿಕರೇ, ನಮ್ಮಲ್ಲಿ ಮಗುವಿಗೆ ಜ್ವರ ಬಂದರೆ ಡಾಕ್ಟರ ಮುಂದೆ ಕುಳಿತು ಮಾತಾಡುವವರು ಯಾರು? ಮಗುವಿನ ಪಕ್ಕದಲ್ಲಿ ಮಲಗಿದವಳೇ? ಅಲ್ಲ. ಮರಾಠಿ ಬರುವವನು! ಊರಿನಿಂದ ಮದುವೆಯಾಗಿ ಬಂದ ಹುಡುಗಿಗೆ ತುಳು ಬರುತ್ತದೆ, ಕನ್ನಡ ಬರುತ್ತದೆ. ಡಾಕ್ಟರಿಗೆ ಅವೆರಡೂ ಬರುವುದಿಲ್ಲ. ಆದ್ದರಿಂದ ಅವಳು ಮಗುವನ್ನು ಎತ್ತಿಕೊಂಡು ಹಿಂದೆ ನಿಲ್ಲುತ್ತಾಳೆ, ಮಾವನೋ ಭಾವನೋ ಮುಂದೆ ಕೂರುತ್ತಾನೆ. ಈ ಬಡಾವಣೆಯ ಎಷ್ಟೋ ಮಕ್ಕಳ ಕೆಮ್ಮು, ನೆಗಡಿ, ಹೊಟ್ಟೆನೋವುಗಳನ್ನು ಡಾಕ್ಟರ ಮುಂದೆ ವರ್ಣಿಸಿದ ಕೀರ್ತಿ ನನಗೇ ಸೇರಬೇಕು. ನಾನು ವರ್ಣಿಸಿದ ಕೆಮ್ಮಿಗೆ ಕ್ಯೂನಲ್ಲಿದ್ದವರ ಕಣ್ಣಲ್ಲಿ ನೀರು ಬಂದದ್ದುಂಟು. ಆ ಡಾಕ್ಟರುಗಳು ಕೆಟ್ಟವರಲ್ಲ. ಸಂಜೆಯ ಲೋಕಲ್‌ನಿಂದ ಇಳಿದವರೆಲ್ಲ ಒಟ್ಟಿಗೇ ಬಂದು ಬಾಗಿಲಲ್ಲಿ ನಿಂತರೆ ಅವರಾದರೂ ಏನು ಮಾಡಿಯಾರು? ಜ್ವರ ಎಂದರೆ ಜ್ವರಕ್ಕೆ ಔಷಧಿ. ಮುಂದಿನವರು ಬನ್ನಿ.

ಅಶ್ಮಿತಾ ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಅಪ್ಪ ಅಮ್ಮ ಉಡುಪಿಯವರು. ಅವಳಿಗೆ ನಮ್ಮ ಮಾತೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧ ಮರಾಠಿಯಲ್ಲಿ ಬರುತ್ತದೆ. ಕ್ಷಮಿಸಿ, ಅವಳು ಎಂದುಬಿಟ್ಟೆ, ಅವರು. ಓದು ಮುಗಿಸಿ ಫ್ಯಾಮಿಲಿ ಡಾಕ್ಟರ್ ಆಗುತ್ತೇನೆಂದು ಬೋರ್ಡು ಹಾಕಿದವರು ಎರಡು ಸಾವಿರದ ಒಂಬತ್ತರಲ್ಲಿ ಸಂಘಕ್ಕೆ ಬಂದು ಒಂದು ವಿಚಿತ್ರ ಬೇಡಿಕೆ ಇಟ್ಟರು. ಶನಿವಾರ ಬೆಳಿಗ್ಗೆ ಐದು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಬರಬೇಕು, ಆದರೆ ಕಾಯಿಲೆ ಇರುವ ಮಕ್ಕಳನ್ನಲ್ಲ. ಹುಷಾರಾಗಿರುವ ಮಕ್ಕಳನ್ನು!

ಇಡೀ ಸಂಘ ನಕ್ಕಿತು. ಹುಷಾರಾಗಿರುವ ಮಗುವನ್ನು ಡಾಕ್ಟರಿಗೆ ತೋರಿಸುವುದು ನಮ್ಮಲ್ಲಿ ಎಲ್ಲಾದರೂ ಉಂಟೇ? ರತ್ನಾವತಿ ನೆಟ್ಟಗೆ ಕೇಳಿದಳು: "ಇಲ್ಲದ ಸೀಕನ್ನು ಮನೆಗೆ ಕರೆದು ತರುದಾ?" ಎಲ್ಲರ ಮನಸ್ಸಿನಲ್ಲಿ ಇದ್ದದ್ದೂ ಅದೇ. ಮೊದಲ ಶನಿವಾರ ಯಾರೂ ಬರಲಿಲ್ಲ. ಮರು ಶನಿವಾರವೂ ಯಾರೂ ಬರಲಿಲ್ಲ. ತೂಕದ ಯಂತ್ರ, ಬಣ್ಣದ ಚೆಂಡು, ಸ್ಟೀಲಿನ ಬಟ್ಟಲು ಇಟ್ಟುಕೊಂಡು ಡಾಕ್ಟರು ಒಬ್ಬರೇ ಕುಳಿತಿದ್ದರು. ನಮ್ಮ ಅಂಬಾರಾಯರು, ನಿಮಗೆ ಗೊತ್ತಲ್ಲ, ಕಲಬುರಗಿಯ ನೆಲದವರು, ಕಲ್ಯಾಣದ ರೈಲ್ವೆ ಆಫೀಸಿನಲ್ಲಿ ನಿವೃತ್ತರಾದರೂ ಮಾತಿನಲ್ಲಿ ನಿವೃತ್ತರಾಗದವರು, ಹೋಟೆಲಿಗೆ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಏನ್ರೀ ವಸಂತಕುಮಾರ, ಆ ಡಾಕ್ಟರ್ ಹುಡುಗಿ ಮುಂಜಾನಿಂದ ಒಬ್ಬಾಕಿನ ಕುಂತಾಳ. ಯಾವುದರ ಒಂದು ಕೂಸು ಕರಕೊಂಡು ಬರ್ರಿ. ಇಲ್ಲಂದ್ರ ನಾನ ಹೋಗಿ ನಾಲಿಗಿ ತೋರಸ್ತೀನಿ."

ಖಾಲಿ ಕುರ್ಚಿಗಳ ಎದುರು ಕೂರುವುದು ಎಂದರೇನು ಎಂದು ನಟನಿಗೆ ಯಾರೂ ವಿವರಿಸಬೇಕಾಗಿಲ್ಲ. ನನಗೆ ತಡೆಯಲಾಗಲಿಲ್ಲ. ಮಕ್ಕಳ ಆರೋಗ್ಯ ಎಂಬ ದೊಡ್ಡ ಧ್ಯೇಯವೇನೂ ನನ್ನ ತಲೆಯಲ್ಲಿ ಇರಲಿಲ್ಲ, ಪ್ರೇಕ್ಷಕರನ್ನು ಒದಗಿಸಬೇಕಿತ್ತು. ಮನೆಗೆ ಹೋದೆ. ಮೊಮ್ಮಗ ಕಶ್ಯಪನನ್ನೂ ಅವನ ತಾಯಿ, ಅಂದರೆ ನನ್ನ ಸೊಸೆ ಶ್ರೀಲಕ್ಷ್ಮಿಯನ್ನೂ ಹೊರಡಿಸಿದೆ. ಕಶ್ಯಪನಿಗೆ ಆಗ ಎರಡು ತುಂಬಿತ್ತು. ಗುಂಡುಗುಂಡಾದ ಮಗು. ಒಂದು ಮಾತೂ ಆಡುತ್ತಿರಲಿಲ್ಲ.

ಅದು ನಮಗೆ ಚಿಂತೆಯ ವಿಷಯವೇ ಆಗಿರಲಿಲ್ಲ. ಏಕೆ? ಏಕೆಂದರೆ ನಮ್ಮಲ್ಲಿ ಅದಕ್ಕೊಂದು ಸಿದ್ಧ ಉತ್ತರ ಇದೆ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಮೆಟ್ಟಿಲ ಮೇಲೆ ಮರಾಠಿ, ಟೀವಿಯಲ್ಲಿ ಹಿಂದಿ. ಮಗು ಗಲಿಬಿಲಿಗೊಳ್ಳದೆ ಇನ್ನೇನು ಮಾಡೀತು? ಇಂಥವರ ಮಗ ನಾಲ್ಕು ವರ್ಷದವರೆಗೆ ಬಾಯಿ ಬಿಡಲಿಲ್ಲ, ಈಗ ಠಾಣೆ ಕೋರ್ಟಿನಲ್ಲಿ ವಕೀಲ, ಬಾಯಿ ಮುಚ್ಚುವುದಿಲ್ಲ. ಈ ಕಥೆಯನ್ನು ಕೇಳದ ಮನೆ ನಮ್ಮಲ್ಲಿ ಇದೆಯೇ? ನನ್ನ ಮಗ ಪೃಥ್ವಿರಾಜನೂ ಅದನ್ನೇ ಹೇಳುತ್ತಿದ್ದ. ಅವನು ನವಿಮುಂಬಯಿಯಲ್ಲಿ ಕೆಲಸ ಮಾಡುವವನು, ಮಗುವನ್ನು ಎಚ್ಚರವಿರುವಾಗ ನೋಡುವುದೇ ಭಾನುವಾರ. ಇನ್ನು ಕಿವಿಯ ಬಗ್ಗೆ ಯಾರಾದರೂ ಅನುಮಾನ ಎತ್ತಿದರೆ ಅದಕ್ಕೆ ನಾನಿದ್ದೆನಲ್ಲ! ನಾನು ಬಾಗಿಲಲ್ಲಿ ನಿಂತು ಕಶ್ಯಪಾ ಎಂದು ಕರೆದರೆ ಸಾಕು, ಮಗು ಥಟ್ಟನೆ ತಿರುಗುತ್ತಿತ್ತು, ನಗುತ್ತಿತ್ತು. ಬೇರೆ ಯಾರು ಕರೆದರೂ ತಿರುಗುತ್ತಿರಲಿಲ್ಲ. ಮೊಮ್ಮಗನಿಗೆ ರಂಗಭೂಮಿಯ ರುಚಿ ಹತ್ತಿದೆ ಎಂದು ನಾನು ಹೋಟೆಲಿಗೆ ಬಂದವರಿಗೆಲ್ಲ ಹೇಳಿದ್ದೆ.

ಈಗ ಆ ಶನಿವಾರ. ಸಭಾಂಗಣದಲ್ಲಿ ಯಾವುದೋ ನಿಶ್ಚಿತಾರ್ಥದ ಗಲಾಟೆ. ಡಾಕ್ಟರು ತಾಲೀಮು ಕೋಣೆಯ ಬೀಗದ ಕೈ ಕೇಳಿದರು, ಕೊಟ್ಟೆ. ಒಳಗೆ ಹೋದೆವು. ನಾನು ಕುರ್ಚಿ ಎಳೆದುಕೊಂಡು ಕುಳಿತು, ಗಂಟಲು ಸರಿಮಾಡಿಕೊಂಡು, ಮಗುವಿನ ಜನ್ಮವೃತ್ತಾಂತವನ್ನು ಆರಂಭಿಸಿದೆ. ಡಾಕ್ಟರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಮಗುವಿನ ಎದುರು ಕುಳಿತಿದ್ದರು. ತಲೆ ಎತ್ತಿ ಹೇಳಿದರು:

"ಅಂಕಲ್, ನೀವು ಜರಾ ಹೊರಗೆ ಥಾಂಬಾ. ನಂಗೆ ಅಮ್ಮನ ಹತ್ರ ಮಾತಾಡ್ಬೇಕು."

ಸಭಿಕರೇ, ತೆರೆ ಎದ್ದ ಮೇಲೆ ರಾಜನನ್ನು ರಂಗದಿಂದ ಹೊರಗೆ ಕಳಿಸಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿರಲಿಲ್ಲ. ಆದರೂ ಹೋದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಸಂದಿಯಲ್ಲಿ ಮಗುವಿನ ಬೆನ್ನು ಕಾಣುತ್ತಿತ್ತು. ಒಳಗೆ ಶ್ರೀಲಕ್ಷ್ಮಿ ಮಾತಾಡುತ್ತಿದ್ದಳು. ತುಂಬ ಹೊತ್ತು ಮಾತಾಡಿದಳು. ಅವಳ ಸ್ವರ ಹಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ, ಸ್ವಲ್ಪ ಗಡುಸು, ಸ್ಪಷ್ಟ ಉಚ್ಚಾರ. ನಮ್ಮ ನಾಟಕಗಳಿಗೆ ಸ್ತ್ರೀಪಾತ್ರ ಸಿಗುವುದಿಲ್ಲ ಎಂದು ನಾನು ಊರೆಲ್ಲ ಹುಡುಕುತ್ತಿದ್ದೆ, ನೋಡಿ.

ಆಮೇಲೆ ಡಾಕ್ಟರು ಮಗುವಿನ ಕೈಗೆ ಚೆಂಡು ಕೊಟ್ಟು ಸೊಸೆಗೆ ಸನ್ನೆ ಮಾಡಿದರು. ಅವಳು ಮಗುವಿನ ಹಿಂದೆ ನಿಂತು ಕರೆದಳು. ಮಗು ತಿರುಗಲಿಲ್ಲ. ಇನ್ನಷ್ಟು ಹತ್ತಿರ ಬಂದು ಕರೆದಳು. ತಿರುಗಲಿಲ್ಲ. ಡಾಕ್ಟರು ಬಟ್ಟಲಿಗೆ ಚಮಚ ಬಡಿದರು. ಇಲ್ಲ. ನನಗೆ ಹೊರಗೆ ನಿಲ್ಲಲಾಗಲಿಲ್ಲ. ಮನೆತನದ ಮಾನದ ಪ್ರಶ್ನೆ. ಬಾಗಿಲಾಚೆಯಿಂದಲೇ, ಸೇನಾಪತಿಯನ್ನು ಕರೆಯುವ ಚಕ್ರವರ್ತಿಯ ಧಾಟಿಯಲ್ಲಿ ಕೂಗಿದೆ. ಮಗು ಚೆಂಡು ಬಿಟ್ಟು ಬಾಗಿಲ ಕಡೆ ತಿರುಗಿ ಕಿಲಕಿಲ ನಕ್ಕಿತು! ನಾನು ಬಾಗಿಲು ತಳ್ಳಿ ಒಳಗೆ ಬಂದು, ನೋಡಿದಿರಾ ಡಾಕ್ಟ್ರೇ, ಎಂದು ಎದೆಯುಬ್ಬಿಸಿ ನಿಂತೆ.

ಡಾಕ್ಟರು ನಿಧಾನವಾಗಿ ಹೇಳಿದರು: "ಅಂಕಲ್, ಅವನಿಗೆ ನಿಮ್ಮ ಆವಾಜ್ ಕೇಳ್ತದೆ."

"ಎಲ್ಲರಿಗೂ ಕೇಳುತ್ತದೆ," ಎಂದೆ ನಾನು, ವಿನಯದಿಂದ.

"ಹೌದು. ಆದ್ರೆ ಅವನಿಗೆ ನಿಮ್ಮದು ಮಾತ್ರ ಕೇಳ್ತದೆ. ಅಮ್ಮಂದು ಕೇಳೋದಿಲ್ಲ."

ಅದು ಪ್ರಶಂಸೆಯಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಶ್ರೀಲಕ್ಷ್ಮಿ ಅಳಲಿಲ್ಲ. ಗೋಡೆಯ ಗೋಣಿಗೆ ಒರಗಿ ನಿಂತು, "ಮಾವ, ನಾನು ಹೇಳಿದ್ದೆ" ಎಂದಳು. ದೀಪ ಆರಿಸಿದ ಮೇಲೆ ಮಗು ಅಳುತ್ತದೆ, ಎಷ್ಟು ಸಮಾಧಾನದ ಮಾತಾಡಿದರೂ ನಿಲ್ಲಿಸುವುದಿಲ್ಲ, ಕೈಯಿಂದ ಮುಟ್ಟಿದರೆ ಮಾತ್ರ ನಿಲ್ಲಿಸುತ್ತದೆ ಎಂದು ಹೇಳಿದ್ದಳಂತೆ. ಒಂದು ಸಲ ಅಲ್ಲ, ಹಲವು ಸಲ ಹೇಳಿದ್ದಳಂತೆ. ಮನೆಯಲ್ಲಿ ನಾನಿದ್ದಾಗಲೇ, ಊಟಕ್ಕೆ ಬಡಿಸುವಾಗ. ನನಗೆ ನೆನಪಿಲ್ಲ. ಬಹುಶಃ ನಾನು ಯಾವುದೋ ಪ್ರಸಂಗ ಹೇಳುತ್ತಿದ್ದಿರಬೇಕು.

ಇರಲಿ, ಸಮಯ ಬಹಳವಾಯಿತು, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಮಗನನ್ನು ಒಪ್ಪಿಸುವುದೇ ಕಷ್ಟವಾಯಿತು. ಮಗುವಿಗೆ ಏನೂ ಆಗಿಲ್ಲ, ಭಾಷೆಗಳ ಗೊಂದಲ ಅಷ್ಟೇ ಎಂದು ಪೃಥ್ವಿರಾಜ್ ವಾದಿಸಿದ. ಡಾಕ್ಟರು ತಮ್ಮ ದವಾಖಾನೆ ಮುಚ್ಚಿದ ಮೇಲೆ ನಮ್ಮ ಮನೆಗೇ ಬಂದರು. ರತ್ನಾವತಿ ಕೊಟ್ಟ ನೀರುದೋಸೆ ತಿನ್ನುತ್ತಾ ಅವನ ಮಾತೆಲ್ಲ ಪೂರ್ತಿ ಕೇಳಿದರು. ಕೊನೆಗೆ ಹೇಳಿದರು: "ದಾದಾ, ನಾಲ್ಕು ಭಾಷೆ ಇದ್ರೆ ಮಗು ನಾಲ್ಕೂ ಕಲೀತದೆ. ಆದ್ರೆ ಒಂದಾದ್ರೂ ಒಳಗೆ ಹೋಗ್ಬೇಕಲ್ಲ? ಈಗ ತೋರಿಸಿದ್ರೆ ಕಲೀತಾನೆ. ಶಾಲೆಗೆ ಹೋಗೋ ತನಕ ಕಾದ್ರೆ ಬಹಳ ಕಷ್ಟ." ಮಗ ಮರುದಿನವೇ ರಜೆ ಹಾಕಿದ.

ಠಾಣೆಯ ಆಸ್ಪತ್ರೆಯಲ್ಲಿ ಮಗುವನ್ನು ಮಲಗಿಸಿ, ಹಣೆಗೆ ವಯರು ಅಂಟಿಸಿ ಪರೀಕ್ಷೆ ಮಾಡಿದರು. ಅಲ್ಲಿಯೂ ನನ್ನನ್ನು ಹೊರಗೇ ನಿಲ್ಲಿಸಿದರು. ಅಷ್ಟರಲ್ಲಿ ನನಗೆ ಅಭ್ಯಾಸವಾಗಿತ್ತು. ಎರಡೂ ಕಿವಿಗೆ ದೊಡ್ಡ ಸದ್ದು ಬಿಟ್ಟು ಬೇರೇನೂ ತಲುಪುತ್ತಿಲ್ಲ ಎಂದು ತಿಳಿಯಿತು. ಮಷೀನು ಹಾಕಿದರೆ ತಲುಪುತ್ತದೆ ಎಂದೂ ತಿಳಿಯಿತು. ಮಷೀನು ಬಂತು. ಮೊದಲ ದಿನ ಮಗು ಅದನ್ನು ಕಿತ್ತು ಹೋಟೆಲಿನ ಚಟ್ನಿ ಬಟ್ಟಲಿಗೆ ಹಾಕಿತು. ಕಿಟ್ಟು ಅದನ್ನು ಒಗ್ಗರಣೆಯ ಕಡಲೆಬೇಳೆ ಎಂದುಕೊಂಡು ಗಿರಾಕಿಗೆ ಬಡಿಸುವುದರಲ್ಲಿದ್ದ. ದೇವರು ದೊಡ್ಡವನು.

ಆಮೇಲೆ ಪ್ರಶ್ನೆ ಬಂತು: ಮಗುವಿಗೆ ಯಾವ ಭಾಷೆಯಲ್ಲಿ ಮಾತು ಕಲಿಸುವುದು? ನಾನು ನೆಟ್ಟಗೆ ಕುಳಿತೆ. ಕನ್ನಡ ಸಂಘದ ನಾಟಕ ವಿಭಾಗದ ಸಂಚಾಲಕನ ಮೊಮ್ಮಗ, ಬೇರೆ ಉತ್ತರ ಇದೆಯೇ? ಮಗ ಮರಾಠಿ ಎಂದ, ಶಾಲೆಗೆ ಅನುಕೂಲ. ಡಾಕ್ಟರು ಯಾರನ್ನೂ ನೋಡದೆ ಕೇಳಿದ್ದು ಒಂದೇ: ದಿನವಿಡೀ ಮಗುವಿನ ಜೊತೆ ಇರುವವರು ಯಾರು, ಅವರಿಗೆ ಮನಸ್ಸು ಬಿಚ್ಚಿ ಮಾತಾಡಲು ಬರುವ ಭಾಷೆ ಯಾವುದು? ಹಾಗಾಗಿ ತುಳು ಗೆದ್ದಿತು. ಕನ್ನಡ ಸಂಘದ ವೇದಿಕೆಯ ಮೇಲೆ ನಿಂತು ಇದನ್ನು ಹೇಳುವಾಗ ನನ್ನ ನಾಲಿಗೆ ಸ್ವಲ್ಪ ತಡೆಯುತ್ತದೆ, ಆದರೆ ಸತ್ಯ ಸತ್ಯವೇ. ಶ್ರೀಲಕ್ಷ್ಮಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮಗುವಿನೊಡನೆ ಮಾತಾಡಿದಳು. ತರಕಾರಿ ಹೆಚ್ಚುತ್ತಾ, ಬಟ್ಟೆ ಒಣಗಿಸುತ್ತಾ, ಠಾಣೆಯ ವರ್ತಕ ನಗರದಲ್ಲಿ ಮಾತು ಕಲಿಸುವ ಟೀಚರಮ್ಮನ ಬಳಿಗೆ ಲೋಕಲ್‌ನಲ್ಲಿ ನಿಂತು ಹೋಗುತ್ತಾ. ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟು ಬೇರೆಯವರು ಅಷ್ಟು ಕಾಲ ಮಾತಾಡಿದ್ದು ಅದೇ ಮೊದಲು.

ಮಳೆ ಬಂತು, ಹೋಯಿತು. ದೀಪಾವಳಿ ಬಂತು, ಹೋಯಿತು. ಮಗು ಬಾಯಿ ಬಿಡಲಿಲ್ಲ. ಹೊತ್ತು ಮೀರಿತೋ ಎಂದು ನಾವೆಲ್ಲ ಒಳಗೊಳಗೇ ಹೆದರಿದೆವು, ಯಾರೂ ಯಾರಿಗೂ ಹೇಳಲಿಲ್ಲ. ಒಂದು ದಿನ ಮಧ್ಯಾಹ್ನ ನಾನು ಮನೆಗೆ ಬಂದು ಮೊಮ್ಮಗನನ್ನು ರಂಜಿಸಲು ರಾಕ್ಷಸನ ಪ್ರವೇಶದ ಮಾತುಗಳನ್ನು, ಪೂರ್ಣ ಕಂಠದಲ್ಲಿ, ಹಾವಭಾವ ಸಹಿತ, ಆರಂಭಿಸಿದೆ. ಮಗು ಎರಡೂ ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡಿತು. ಬಾಯಿ ತೆರೆಯಿತು.

"ಬೊಡ್ಚಿ," ಎಂದಿತು.

ತುಳು ಬಾರದವರಿಗೆ ಹೇಳುತ್ತೇನೆ, ಬೊಡ್ಚಿ ಎಂದರೆ ಬೇಡ. ಸಭಿಕರೇ, ನಾನು ಬಹುಮಾನಗಳನ್ನು ಪಡೆದಿದ್ದೇನೆ, ಶಾಲು ಹೊದ್ದಿದ್ದೇನೆ, ಒನ್ಸ್ ಮೋರ್ ಕೇಳಿದ್ದೇನೆ. ಇಷ್ಟು ಒಳ್ಳೆಯ ವಿಮರ್ಶೆ ನನಗೆ ಯಾರಿಂದಲೂ ಬಂದಿಲ್ಲ. ಅಡುಗೆಮನೆಯಿಂದ ಶ್ರೀಲಕ್ಷ್ಮಿ ಓಡಿ ಬಂದಳು. ಇನ್ನೊಮ್ಮೆ ಹೇಳಿಸಬೇಕೆಂದು ಅವಳೇ ನನಗೆ, "ಮಾವ, ಇನ್ನೊಮ್ಮೆ ಬೊಬ್ಬೆ ಹಾಕಿ" ಎಂದಳು. ಹಾಕಿದೆ. ಮಗು ಇನ್ನೊಮ್ಮೆ ಹೇಳಿತು. ರತ್ನಾವತಿ ಪಕ್ಕದ ಮನೆಯವರನ್ನು ಕರೆದು ತಂದಳು. ಅವರ ಮುಂದೆಯೂ ಹಾಕಿದೆ.

ಈಗ ನಾನು ಮನೆಯಲ್ಲಿ ಮೆಲ್ಲಗೆ ಮಾತಾಡಲು ಕಲಿಯುತ್ತಿದ್ದೇನೆ. ವಸಂತಣ್ಣ ಪಿಸುಗುಟ್ಟಿದರೂ ಕಲ್ಯಾಣಕ್ಕೆ ಕೇಳುತ್ತದೆ ಎಂದು ನಮ್ಮ ನಾಟಕ ಬಳಗದ ಮುರಾರಿ ಎಲ್ಲರಿಗೂ ಹೇಳುತ್ತಿದ್ದಾನಂತೆ. ಮುರಾರಿ, ನನಗೆ ಕಿವಿ ಇದೆ.

ಕಶ್ಯಪನ ಕಥೆಯಾದ ಮೇಲೆ ಶನಿವಾರಗಳು ಖಾಲಿ ಉಳಿದಿಲ್ಲ. ಭಿವಂಡಿಯ ಗೋದಾಮಿನಲ್ಲಿ ದುಡಿಯುವ ಚನಿಯ ಎರಡು ರಿಕ್ಷಾ ಬದಲಿಸಿ ಮಗಳನ್ನು ಕರೆತರುತ್ತಾನೆ. ಡಾಕ್ಟರು ಮಗುವಿನ ಹಲ್ಲು ನೋಡಿ, ತೂಕ ನೋಡಿ, ಚೆನ್ನಾಗಿದೆ ಹೋಗಿ ಎಂದರೆ ಅವನಿಗೆ ಬೇಜಾರು. ಇಷ್ಟು ದೂರ ಬಂದದ್ದಕ್ಕೆ ಒಂದು ಸೂಜಿಯಾದರೂ ಬೇಡವಾ ಎಂದು ಕೇಳುತ್ತಾನೆ. ಆದರೂ ಮುಂದಿನ ಸಲ ತಪ್ಪದೆ ಬರುತ್ತಾನೆ. ಅಲ್ಲಿ ತಾಯಂದಿರು ಮುಂದೆ ಕೂರುತ್ತಾರೆ. ಮರಾಠಿ ಬಲ್ಲ ಗಂಡಸರು ಹೊರಗಿನ ಬೆಂಚಿನ ಮೇಲೆ ಕುಳಿತು ಪೇಪರು ಓದುತ್ತಾರೆ. ಆ ಬೆಂಚಿನ ಮೇಲೆ ನನ್ನ ಜಾಗ ಖಾಯಂ.

ನಮ್ಮ ಬಳಗದವರು ಕೇಳಿದರು, ಕೋಣೆ ಕೊಟ್ಟರೆ ನಾಟಕ ಎಲ್ಲಿ ಕಲಿಯುವುದು, ಕಿರೀಟ ಗದೆಗಳನ್ನು ಎಲ್ಲಿಡುವುದು? ಕಿರೀಟಗಳು ನನ್ನ ಹೋಟೆಲಿನ ಅಟ್ಟಕ್ಕೆ ಹೋಗಲಿ, ಅಕ್ಕಿಯ ಪಕ್ಕ ಇರಲಿ. ನಾಟಕ ಈ ಸಭಾಂಗಣದಲ್ಲಿ ಆಗಲಿ. ಪಕ್ಕದ ಸೊಸೈಟಿಯವರು ದೂರು ಕೊಟ್ಟರೆ ಹವಾಲ್ದಾರರು ಬರಲಿ, ನಮಗೆ ಒಬ್ಬ ಪ್ರೇಕ್ಷಕ ಹೆಚ್ಚಾದ. ಆದರೆ ಹಿಂದೆ ನಿಂತು ಕರೆದಾಗ ಮಗು ತಿರುಗುತ್ತದೋ ಇಲ್ಲವೋ ಎಂದು ತಿಳಿಯಲು ಈ ಡೊಂಬಿವಲಿಯಲ್ಲಿ ನಮ್ಮ ಬಳಿ ಬೇರೆ ಕೋಣೆ ಇಲ್ಲ. ಇನ್ನೂ ಯಾವ ಮನೆಯಲ್ಲಿ ಯಾವ ಮಗು, ನಾಲ್ಕು ಭಾಷೆಗಳ ನೆಪದಲ್ಲಿ, ಸುಮ್ಮನೆ ಕುಳಿತಿದೆಯೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ.

ಆದ್ದರಿಂದ ತಾಲೀಮು ಕೋಣೆಯನ್ನು ಮಕ್ಕಳ ದವಾಖಾನೆಗೆ ಬಿಟ್ಟುಕೊಡುವ ಠರಾವನ್ನು ನಾನೇ ಮಂಡಿಸುತ್ತಿದ್ದೇನೆ.

ನಮ್ಮ ಸಂಘದಲ್ಲಿ ಠರಾವು ಪಾಸಾಗುವುದು ಚಪ್ಪಾಳೆಯಿಂದ. ಸಂಘ ಹುಟ್ಟಿದಂದಿನಿಂದ ಹಾಗೆಯೇ. ಚಪ್ಪಾಳೆಯನ್ನು ನಾನು ಜೀವನದಲ್ಲಿ ಎಂದೂ ಬೇಡ ಎಂದವನಲ್ಲ, ಇವತ್ತು ಹೇಳುತ್ತಿದ್ದೇನೆ. ಎರಡನೆಯ ಸಾಲಿನಲ್ಲಿ ಕಶ್ಯಪ ಕುಳಿತಿದ್ದಾನೆ. ಇಷ್ಟು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಆ ಮಷೀನಿನಲ್ಲಿ ಅದು ಸಿಡಿಲಿನಂತೆ ಬೀಳುತ್ತದೆ. ಅವನು ಅದನ್ನು ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಡಾಕ್ಟರು ಮಾತಾಡುವುದು ಅವನಿಗೆ ಕೇಳುವುದಿಲ್ಲ. ಅವರ ಸ್ವರ ಸಣ್ಣದು. ಅವರು ಮಾತಾಡುವುದನ್ನು ಕೇಳಲೆಂದೇ ಅವನು ಬಂದಿದ್ದಾನೆ, ಬೆಳಿಗ್ಗೆಯಿಂದ ಹೇಳುತ್ತಿದ್ದಾನೆ.

ಒಪ್ಪಿಗೆ ಇರುವವರು ದಯವಿಟ್ಟು ಕೈ ಎತ್ತಿ. ಸದ್ದು ಬೇಡ.

ಅಧ್ಯಕ್ಷರು ಎತ್ತಿದರು. ಕಲ್ಯಾಣದವರು ಎತ್ತಿದರು. ತಾಯಂದಿರು, ಎಲ್ಲರೂ. ಶ್ರೀಲಕ್ಷ್ಮಿ, ನೀನೂ ಸದಸ್ಯೆಯೇ, ಎತ್ತಮ್ಮ. ಹಿಂದೆ ನಮ್ಮ ಬಳಗದಲ್ಲಿ... ಹ್ಞಾ, ಮುರಾರಿಯ ಕೈಯೂ ಏಳುತ್ತಿದೆ, ನಿಧಾನವಾಗಿ, ಗದೆ ಎತ್ತುವ ಹಾಗೆ. ಸಂತೋಷ. ಇಷ್ಟು ಕೈಗಳು, ಇಷ್ಟು ನಿಶ್ಶಬ್ದ. ಇಷ್ಟು ವರ್ಷ ವೇದಿಕೆ ಹತ್ತಿದ ನಾನು ಇಂಥದ್ದನ್ನು ನೋಡಿರಲಿಲ್ಲ.

ಡಾಕ್ಟ್ರೇ, ನಿಮ್ಮ ಕೋಣೆ. ನನ್ನ ಮಾತು ಇಲ್ಲಿಗೆ ಸಾಕು. ತಾಳ್ಮೆಯಿಂದ ಕೇಳಿದ್ದಕ್ಕೆ, ಕೇಳಿಸಿಕೊಂಡದ್ದಕ್ಕೆ ನಿಮಗೆಲ್ಲ ಋಣಿ. ಇನ್ನು ಅವರು ಮಾತಾಡಲಿ, ನಾನು ಬೆಂಚಿನ ಮೇಲೆ ಕೂರುತ್ತೇನೆ. ಎಲ್ಲರಿಗೂ, ಮೆಲ್ಲಗೆ, ನಮಸ್ಕಾರ.